ಷರಾ

ಪ್ರೆಸ್ಟನ್ನಿನ ಈ ಬೀದಿಯಲ್ಲಿ ಒಂದೇ ಅಚ್ಚಿನವು ಹನ್ನೊಂದಿದ್ದವು,
ಈಗ ಮೂರು. ಇದು ನಡುವಿನದು.
ಹಲಗೆಯ ಗೋಡೆ, ತಗಡಿನ ಸೂರು,
ಹುಬ್ಬಿಗೆ ಕೈಯಿಟ್ಟು ರಸ್ತೆ ನೋಡುವವರ ಹಾಗೆ
ತಗ್ಗಿದ ವರಾಂಡ.
ಬಡಗಲ ಬಿಸಿಲಿಗೆ ಆ ಮಗ್ಗುಲ ಬಣ್ಣ ಹಕ್ಕಳೆ ಎದ್ದಿದೆ.
ನಗರಸಭೆ ನನ್ನ ಕೈಗೊಂದು ಫಾರಂ ಕೊಟ್ಟು ಕಳಿಸಿದೆ:
ಸದರಿ ಮನೆಗೆ ಪರಂಪರೆ ಉಂಟೋ ಇಲ್ಲವೋ
ಶುಕ್ರವಾರದೊಳಗೆ ತಿಳಿಸತಕ್ಕದ್ದು.

ಕಟ್ಟಿದ್ದು: ಸಾವಿರದ ಒಂಬೈನೂರ ಇಪ್ಪತ್ತೇಳು.
ಶಿಲ್ಪಿ: ಯಾರೂ ಅಲ್ಲ.
ಟ್ರಾಮಿನ ಬ್ರೇಕು ರಿಪೇರಿಯ ಕ್ಲಾರೆನ್ಸ್ ಟ್ರೆಲೋರ್
ಮರದ ಮಂಡಿಯವನ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು
ಭಾನುವಾರಗಳಲ್ಲಿ ಕಟ್ಟಿದ.
ತಂಗಿದ್ದ ಗಣ್ಯರು: ಇಲ್ಲ.
ನಡೆದ ಘಟನೆ:
ಪೆನ್ನು ಒಂದು ಗಳಿಗೆ ತಡೆಯಿತು. ಆಮೇಲೆ ಗೆರೆ ಎಳೆದೆ.

ಮುಂದಿನ ಕಾಲಂ: ಮೂಲರೂಪಕ್ಕೆ ಬಂದ ಕುಂದು.
ಇದು ನನಗೆ ಸಲೀಸು, ಇಪ್ಪತ್ತೆರಡು ವರ್ಷದ ರೂಢಿ.
ಮರದ ಕಂಬ ಹೋಗಿ ಬಿಳಿ ಕಬ್ಬಿಣದ ಬಳ್ಳಿ. ಒಂದಂಕ ವಜಾ.
ಕಿಟಕಿಗೆ ಅಲ್ಯುಮಿನಿಯಂ. ಅರ್ಧ.
ಹುಲ್ಲಿದ್ದಲ್ಲಿ ಸಿಮೆಂಟು, ಸಿಮೆಂಟಿಗೆ ಹಸಿರು ಬಣ್ಣ. ಒಂದು.

ಬಸ್ಸು ಓಡಿಸುವ ಲೊರೆಟ್ಟಾ, ಇನ್ನೂ ಸಮವಸ್ತ್ರದಲ್ಲೇ,
ನನ್ನ ಹೆಗಲ ಮೇಲಿಂದ ಓದುತ್ತ ಬಂದಳು.
ಕಬ್ಬಿಣದ್ದಾ? ಅಪ್ಪ ಬೆಸೆದದ್ದು, ಕಾರ್ಖಾನೆಯ ಚೂರುಪಾರು ತಂದು.
ನೆಟ್ಟ ದ್ರಾಕ್ಷಿ ಎರಡು ವರ್ಷ ಹಿಡಿಯಲಿಲ್ಲ,
ಸಿಟ್ಟು ಬಂದು ಇದನ್ನು ಹಬ್ಬಿಸಿದ.
ಸಿಮೆಂಟು ಅಮ್ಮನದು. ಕಲಾಬ್ರಿಯಾದಲ್ಲೇ ಮಣ್ಣು ಸಾಕಾಗಿತ್ತು ಅವಳಿಗೆ.
ಈ ಊರಿನವರಿಗೆ ಮನೆ ಮುಂದೆ ಹಸಿರೇ ಬೇಕಂತೆ ಅಂದಾಗ
ಅದಕ್ಕೇನು, ಬಳಿಯೋಣ ಅಂದಳು.

ಹಿತ್ತಲ ತಗಡಿನ ಚಪ್ಪರದಲ್ಲಿ ಎರಡನೇ ಅಡುಗೆಮನೆ.
ಫೆಬ್ರವರಿಯ ಉರಿಯಲ್ಲಿ ಅಲ್ಲಿ ಟೊಮೇಟೊ ಕುದಿಯುತ್ತಿತ್ತು,
ಬಿಯರು ಬಾಟಲಿಗಳಲ್ಲಿ ವರ್ಷದ ಸಾರು.
ಒಳಗಿನ ಅಡುಗೆಮನೆ ಬರಲಿರುವ ನೆಂಟರಿಗೆಂದು
ಮಿರಿಮಿರಿ ಮಿಂಚುತ್ತ ಉಳಿಯಿತು.
ಪರವಾನಗಿಯಿಲ್ಲದ ಚಪ್ಪರ. ಒಂದೂವರೆ.

ನಡುಮನೆಯ ಓಣಿಯಲ್ಲಿ ಅವಳ ಕಾಲು
ಒಂದು ಹಲಗೆಯನ್ನು ನೋಡದೆಯೇ ದಾಟಿತು.
ನಾನು ತುಳಿದೆ. ಮನೆಯಿಡೀ ಕಿರುಗುಟ್ಟಿತು.
ನಕ್ಕಳು: ಟ್ರೆಲೋರ್ ಮುದುಕ ಬೀಗದಕೈ ಕೊಡುವ ದಿನ
ಅಪ್ಪನಿಗೆ ಇಂಗ್ಲಿಷ್ ಬಾರದು;
ಈ ನಾಲ್ಕನೇ ಹಲಗೆ ತುಳಿದು ತೋರಿಸಿ,
ತನ್ನ ಹೆಣ್ಣುಮಕ್ಕಳ ಪಟ ತೋರಿಸಿ,
ಗಡಿಯಾರದ ಹನ್ನೆರಡಕ್ಕೆ ಬೆರಳಿಟ್ಟು
ತಲೆಯಾಡಿಸಿದನಂತೆ: ಸುತ್ತಿಗೆ ತರಬೇಡ, ಇರಲಿ.
ಆಗಿನ್ನೂ ನಾವು ಹುಟ್ಟಿಯೇ ಇರಲಿಲ್ಲ.
ನಾನೂ ತಂಗಿಯೂ ಎಷ್ಟು ಸಲ ಸಿಕ್ಕಿಬಿದ್ದೆವೋ!

ಈ ಫಾರಂನಲ್ಲಿ ಸದ್ದಿಗೆ ಕಾಲಂ ಇಲ್ಲ.

ಬೇಲಿಬೇಲಿಗೆ ಹಳದಿ ಹಲಗೆ: ಉಳಿಸಿ.
ಮೊನ್ನೆ ಮೊನ್ನೆ ಬಂದ ನೆರೆಯವರು ಒಳ್ಳೆಯ ಜನ,
ಹಳೆಯ ಪಟ ಹುಡುಕಿ ತಂದಿದ್ದಾರೆ,
ಕಬ್ಬಿಣದ ಬಳ್ಳಿ ಕಿತ್ತು ಮರದ ಕಂಬ ಮತ್ತೆ ನಿಲ್ಲಬೇಕೆನ್ನುತ್ತಾರೆ,
ಸಿಮೆಂಟು ಒಡೆದು ಹುಲ್ಲು ಬರಬೇಕು.
ಅಂದರೆ ಅರವತ್ತು ವರ್ಷ ಅಳಿಸಿದರೆ ಉಳಿಸಿದ ಹಾಗೆ.
ಹೀಗೆ ನೋಡುವುದನ್ನು ನಮ್ಮ ಫಾರಮ್ಮೇ ಕಲಿಸಿತೋ ಏನೋ.

ಲೊರೆಟ್ಟಾಗೆ ಮಾರಬೇಕು. ಕೆಡವುವವನೊಬ್ಬ
ಮುಂಗಡ ಹಿಡಿದು ನಿಂತಿದ್ದಾನೆ. ಆ ದುಡ್ಡಿಗೆ ಎರಡು ಫ್ಲಾಟು,
ಅವಳಿಗೊಂದು, ತಂಗಿ ನುನ್ಸಿಯಾಗೊಂದು,
ಎರಡಕ್ಕೂ ನಡುವೆ ಒಂದೇ ಗೋಡೆ.
ಬೆಲೆಯಿಲ್ಲ ಅಂತ ಬರೆದುಬಿಡಿ, ಅಂದಳು.
ಬೆಲೆಯಿದೆ ಅಂತ ನೀವು ಬರೆದರೆ
ನನ್ನ ಬೆಲೆ ಬಿದ್ದುಹೋಗುತ್ತೆ.
ತಮಾಷೆಯಲ್ಲ ಅದು, ಆದರೂ ಇಬ್ಬರೂ ನಕ್ಕೆವು.

ಅಳೆದೂ ಸುರಿದೂ ಹತ್ತಕ್ಕೆ ನಾಲ್ಕು ಬಂತು.
ಉಳಿಯಲು ಆರು ಬೇಕು.
ಕೊನೆಯ ಕಾಲಂ, ಷರಾ. ಅದರಲ್ಲಿ ನಾಲ್ಕನೇ ಹಲಗೆ ಎಂದು ಬರೆದು
ಹೊಡೆದುಹಾಕಿದೆ. ಹೊಡೆದುಹಾಕಿದ್ದು
ಓದಲು ಬರುವ ಹಾಗೆಯೇ ಇದೆ.

ಬಾಟಲಿ ಸಾರು ಕೊಡಲು ಬಂದಳು,
ಲಂಚವಾಗುತ್ತದೆ ಎಂದೆ.
ಶುಕ್ರವಾರದ ನಂತರ ಬನ್ನಿ ಹಾಗಾದರೆ, ಅಂದಳು.

ಗೇಟಿನ ಚಿಲಕ ಹಾಕುವಾಗ ಹೊಳೆಯಿತು:
ಹೊರಗೆ ಬರುವಾಗ ಮನೆ ಸದ್ದು ಮಾಡಲಿಲ್ಲ.
ನಾನೂ ದಾಟಿದ್ದೆ.